ನಂಬಿಕೆ ಅಲುಗಾಡುತ್ತಿರುವವರು ಸೇವೆಯ ಜವಾಬ್ದಾರಿ ಬಿಡಬೇಕಾ?

ಸಾಯನ್_ಅಕ್ಕ
ಎಲ್ಲರಿಗೂ ನಮಸ್ಕಾರ. ಹೆಸರು ಹೇಳುವುದಿಲ್ಲ. ಮುಂಬೈಯಲ್ಲಿ ಕನ್ನಡ ಕ್ರೈಸ್ತರು ಇರುವುದೇ ಒಂದು ಹಿಡಿ, ಹೆಸರು ಬರೆದರೆ ನಾಳೆ ಬೆಳಿಗ್ಗೆ ನಮ್ಮ ಅತ್ತೆಗೆ ಫೋನ್ ಹೋಗುತ್ತದೆ.

ನಮ್ಮದು ಸಣ್ಣ ಸಭೆ, ಅಂದರೆ ಚರ್ಚು. ಹೆಚ್ಚಿನವರು ಬೀದರ್, ಕಲಬುರಗಿ, ಧಾರವಾಡ ಕಡೆಯವರು. ವಾರಕ್ಕೊಮ್ಮೆ ಪರೇಲ್‌ಗೆ ಹೋಗಿ, ಟಾಟಾ ಆಸ್ಪತ್ರೆಯ ಸುತ್ತ ಫುಟ್‌ಪಾತ್ ಮೇಲೆ ಉಳಿದುಕೊಂಡಿರುವ ರೋಗಿಗಳಿಗೆ, ಅವರ ಮನೆಯವರಿಗೆ ಊಟ ಕೊಡುತ್ತೇವೆ. ಚಪಾತಿ, ಪಲ್ಯ, ಅನ್ನ, ಸಾರು. ಬಾಯಿ ಹುಣ್ಣಾದವರಿಗೆ ಗಂಜಿ. ನಿಜ ಹೇಳಬೇಕೆಂದರೆ ಅವರಿಗೆ ಊಟಕ್ಕಿಂತ ಜಾಸ್ತಿ ಬೇಕಾಗಿರುವುದು ಭಾಷೆ. ಅಫಜಲಪುರದಿಂದ ಬಂದ ಮುದುಕಿಗೆ ಹಿಂದಿ ಬರುವುದಿಲ್ಲ, ಮರಾಠಿ ಅರ್ಧಂಬರ್ಧ. ಫೈಲ್ ಎಲ್ಲಿ ಕೊಡಬೇಕು, ಯಾವ ಕೌಂಟರ್, ಡಾಕ್ಟರ್ ಏನಂದರು, ಮುಂದಿನ ಕೀಮೋ ಯಾವಾಗ, ಇದನ್ನೆಲ್ಲ ಕೇಳಿ ಹೇಳುವುದು ನನ್ನ ಕೆಲಸ. ಇಡೀ ಸೇವೆಯ ಜವಾಬ್ದಾರಿಯೂ ನನ್ನದೇ.

ಹೋದ ವರ್ಷ ಒಂದು ಮಗು ತೀರಿಕೊಂಡಿತು. ನಾವೆಲ್ಲ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದೆವು. ಅಲ್ಲಿಂದ ನನಗೆ ಪ್ರಾರ್ಥನೆ ಆಗುತ್ತಿಲ್ಲ. ಬಾಯಿ ಮಾತಾಡುತ್ತದೆ, ಆ ಕಡೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುವುದಿಲ್ಲ. ಇದನ್ನು ಮಹಿಳಾ ಕೂಟದಲ್ಲಿ ಹೇಳಿದೆ. ಸಭೆಯ ಹಿರಿಯರ ಕಿವಿಗೆ ಹೋಯಿತು. ಅವರು ಕರೆಸಿ, "ನಂಬಿಕೆ ಗಟ್ಟಿಯಾಗುವ ತನಕ ಬೇರೆಯವರು ನೋಡಿಕೊಳ್ಳಲಿ. ರೋಗಿಯ ಮುಂದೆ ನಿಂತು ದೇವರು ಗುಣ ಮಾಡುತ್ತಾನೆ ಅಂತ ಹೇಳಲಾಗದವಳು ಸಭೆಯ ಹೆಸರಿನಲ್ಲಿ ಹೋಗಬಾರದು" ಅಂದರು. ಕೆಟ್ಟ ಮನುಷ್ಯ ಅಲ್ಲ. ನನ್ನ ಮದುವೆಗೆ ಅರ್ಧ ಖರ್ಚು ಹಾಕಿದವರು ಅವರೇ. ಅದಕ್ಕೇ ಸುಮ್ನೆ ತಳ್ಳಿಹಾಕಲೂ ಆಗುತ್ತಿಲ್ಲ. ಅವರು ಹೇಳುವುದರಲ್ಲಿ ನಿಜ ಇದೆಯಾ? ನಾನು ಕಪಟಿಯಾ?

ಡೊಂಬಿವಲಿ_ಲೋಕಲ್
ಅಕ್ಕಾ, ಚಪಾತಿ ಕೈಗೆ ಬಂದಾಗ "ನಿಮ್ಮ ನಂಬಿಕೆ ಎಷ್ಟಿದೆ ತೋರಿಸಿ" ಅಂದವರನ್ನು ನಾನಂತೂ ನೋಡಿಲ್ಲ.

ಬೆಳಗಿನ_ಸ್ತೋತ್ರ
ಕರ್ತನಿಗೆ ಸ್ತೋತ್ರ. ಸಹೋದರಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಹಿರಿಯರ ಮಾತು ಸರಿ. ಯಾಕೋಬನ ಪತ್ರಿಕೆ ಒಂದನೇ ಅಧ್ಯಾಯ ತೆಗೆದು ನೋಡಿ. ಸಂದೇಹಪಡುವವನು ಗಾಳಿಗೆ ಎದ್ದು ಬೀಳುವ ಸಮುದ್ರದ ತೆರೆಯ ಹಾಗೆ, ಅವನಿಗೆ ಕರ್ತನಿಂದ ಏನೂ ಸಿಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಊಟ ಯಾರು ಬೇಕಾದರೂ ಕೊಡಬಹುದು. ರೋಟರಿಯವರೂ ಕೊಡುತ್ತಾರೆ. ಸಭೆ ಕೊಡುವಾಗ ಅದರ ಹಿಂದೆ ಸಾಕ್ಷಿ ಇರಬೇಕು. ಒಳಗೆ ಖಾಲಿ ಇದ್ದು ಹೊರಗೆ ಬಡಿಸಿದರೆ ಅದು ಬರೀ ಸಮಾಜಸೇವೆ.

ಡೊಂಬಿವಲಿ_ಲೋಕಲ್
"ಬರೀ" ಸಮಾಜಸೇವೆ! ಜೂನ್ ತಿಂಗಳ ಮಳೆಯಲ್ಲಿ ಪರೇಲ್ ಫುಟ್‌ಪಾತ್‌ಗೆ ಒಂದು ಸಲ ಬನ್ನಿ ಅಣ್ಣಾ, ಆಮೇಲೆ "ಬರೀ" ಅನ್ನಿ.

ಚಿಂಚವಾಡ_ಮೇಷ್ಟ್ರು
ಬೆಳಗಿನ ಸ್ತೋತ್ರ ಅವರೇ, ಅದೇ ಯಾಕೋಬ ಎರಡನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ಬಟ್ಟೆ ಇಲ್ಲದವನಿಗೆ, ಊಟ ಇಲ್ಲದವನಿಗೆ "ಸಮಾಧಾನವಾಗಿ ಹೋಗು, ಬೆಚ್ಚಗಿರು" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ. ಒಂದು ಪುಟ ತಿರುಗಿಸಿದರೆ ಸಿಗುತ್ತದೆ.

ಅದಿರಲಿ. ಅಕ್ಕ ಕೇಳಿರುವುದು ಇದಲ್ಲ. ಸಂದೇಹ ಇರುವವರನ್ನು ಕೆಲಸಕ್ಕೆ ಕಳಿಸಬಹುದಾ ಅನ್ನುವುದು ಪ್ರಶ್ನೆ. ಇದಕ್ಕೆ ಮತ್ತಾಯನ ಕೊನೆಯ ಅಧ್ಯಾಯ ಸಾಕು. ಹನ್ನೊಂದು ಶಿಷ್ಯರು ಗಲಿಲಾಯದ ಬೆಟ್ಟಕ್ಕೆ ಹೋಗುತ್ತಾರೆ. ಸತ್ತು ಎದ್ದು ಬಂದ ಯೇಸು ಕಣ್ಣ ಮುಂದೆ ನಿಂತಿದ್ದಾನೆ. ಅಡ್ಡಬೀಳುತ್ತಾರೆ. 17ನೇ ವಚನ ನೋಡಿ, ಕೆಲವರು ಸಂದೇಹಪಟ್ಟರು ಅಂತಲೂ ಇದೆ. ಕಣ್ಣಾರೆ ಕಂಡೂ! ಅದಾದ ಮೇಲೆ ಎರಡೇ ವಚನ ಬಿಟ್ಟು "ಹೊರಟುಹೋಗಿ, ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ" ಅನ್ನುವ ಅಪ್ಪಣೆ ಬರುತ್ತದೆ. ಸಂದೇಹ ಇದ್ದವರು ಪಕ್ಕಕ್ಕೆ ನಿಲ್ಲಿ, ಗಟ್ಟಿಯಾದವರು ಮಾತ್ರ ಹೋಗಿ ಅನ್ನಲಿಲ್ಲ. ಸಂದೇಹಪಟ್ಟವರು ಯಾರು ಅಂತ ಮತ್ತಾಯ ಹೆಸರನ್ನೂ ಬರೆದಿಲ್ಲ. ನಾವಾಗಿದ್ದರೆ ಮೀಟಿಂಗ್ ಮಿನಿಟ್ಸ್‌ನಲ್ಲಿ ಹಾಕಿಬಿಡುತ್ತಿದ್ದೆವು.

ಬೆಳಗಿನ_ಸ್ತೋತ್ರ
ಮೇಷ್ಟ್ರೇ, ಸಂದೇಹ ಒಂದು ಕ್ಷಣ ಬರುವುದು ಬೇರೆ, ಅದರಲ್ಲೇ ಮನೆ ಕಟ್ಟಿಕೊಳ್ಳುವುದು ಬೇರೆ. ಯೇಸು ಎದ್ದು ಬಂದದ್ದನ್ನು ಶಿಷ್ಯ ತೋಮನೂ ಸಂದೇಹಪಟ್ಟ. ಎಂಟು ದಿನ ಆದ ಮೇಲೆ "ನನ್ನ ಕರ್ತನೇ, ನನ್ನ ದೇವರೇ" ಅಂದ. ಇಲ್ಲಿ ವರ್ಷವಾಗಿದೆ.

ಮಾಹಿಮ್_ಬೊಡ್ಡಾ
ಎಂಟು ದಿನದ ಗಡುವು ಯಾರು ಇಟ್ಟದ್ದು ಮಾರಾಯ್ರೇ? ಆ ಎಂಟು ದಿನ ತೋಮ ಎಲ್ಲಿದ್ದ? ಉಳಿದ ಶಿಷ್ಯರ ಜೊತೆಗೇ ಇದ್ದ, ಅದೇ ಮನೆಯಲ್ಲಿ. "ನಂಬುವ ತನಕ ಹೊರಗೆ ಕೂತ್ಕೋ" ಅಂತ ಪೇತ್ರ ಹೇಳಿದ್ದರೆ ಯೇಸು ಬಂದಾಗ ಅವನು ಅಲ್ಲಿ ಇರುತ್ತಲೇ ಇರಲಿಲ್ಲ ಅಲ್ವಾ?

ನಾವು ಮಂಗಳೂರು ಕಡೆಯ ಕಥೋಲಿಕರು. ನಮ್ಮಲ್ಲಿ ಈ ಸಾಕ್ಷಿ ಹೇಳುವ ಒತ್ತಡ ಸ್ವಲ್ಪ ಕಡಿಮೆ. ಬುಧವಾರ ಮಾಹಿಮ್ ಸೈಂಟ್ ಮೈಕಲ್ಸ್‌ಗೆ ನೊವೆನಾ ಪ್ರಾರ್ಥನೆಗೆ ಬನ್ನಿ, ಸಾಲಿನಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು ಎಲ್ಲರೂ ಇರುತ್ತಾರೆ. ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇಣದ ಕೈ, ಕಾಲು, ಮನೆ, ಮಗು, ಏನು ಬೇಕೋ ಅದರ ಆಕಾರ ಕೊಂಡು ಇಟ್ಟು ಬರುತ್ತಾರೆ. ಎಷ್ಟು ಜನಕ್ಕೆ ಪೂರ್ತಿ ನಂಬಿಕೆ ಇದೆ ಅಂತ ಬಾಗಿಲಲ್ಲಿ ನಿಂತು ಯಾರೂ ಕೇಳುವುದಿಲ್ಲ.

ಮದರ್ ತೆರೇಸಾ ವಿಷಯ ಎಲ್ಲರಿಗೂ ಗೊತ್ತು, ಆದರೂ ಬರೆಯುತ್ತೇನೆ. ಅವರ ಪತ್ರಗಳು 2007ರಲ್ಲಿ ಹೊರಗೆ ಬಂದವು. ಕೋಲ್ಕತ್ತಾದಲ್ಲಿ ಕೆಲಸ ಶುರು ಮಾಡಿದ ಕಾಲದಿಂದ 1997ರಲ್ಲಿ ಸಾಯುವ ತನಕ, 1958ರಲ್ಲಿ ಕೆಲವು ವಾರ ಬಿಟ್ಟರೆ, ಅವರಿಗೆ ದೇವರ ಇರುವಿಕೆಯೇ ಅನುಭವಕ್ಕೆ ಬಂದಿರಲಿಲ್ಲ. ಅದನ್ನೆಲ್ಲ ಓದಿದ ಮೇಲೂ ಚರ್ಚು 2016ರಲ್ಲಿ ಅವರನ್ನು ಸಂತರು ಅಂತ ಘೋಷಿಸಿತು.

ವಿಚಾರವಾದಿ_ಠಾಣೆ
ಅವರ ಆಶ್ರಮಗಳಲ್ಲಿ ನೋವು ಕಡಿಮೆ ಮಾಡುವ ಔಷಧಿಯೇ ಸರಿಯಾಗಿ ಇರಲಿಲ್ಲ ಅಂತ ಟೀಕೆ ಇದೆ. ಅದನ್ನೂ ಬರೆಯಿರಿ. ಮತ್ತೆ ಅಕ್ಕನಿಗೆ ಒಂದು ಸರಳ ಉತ್ತರ: ದೇವರನ್ನು ಬಿಡಿ, ಊಟ ಕೊಡುವುದನ್ನು ಇಟ್ಟುಕೊಳ್ಳಿ. ಮುಗಿಯಿತು.

ಮಾಹಿಮ್_ಬೊಡ್ಡಾ
ಟೀಕೆ ಇದೆ, ಇಲ್ಲ ಅಂದವರು ಯಾರು? ಇಲ್ಲಿ ಮಾತು ಸಂದೇಹದ್ದು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಸಾಯನ್_ಅಕ್ಕ
ಠಾಣೆಯವರೇ, ನೀವು ಹೇಳಿದಷ್ಟು ಸುಲಭ ಇದ್ದರೆ ಇಲ್ಲಿಗೆ ಬಂದು ಬರೆಯುತ್ತಲೇ ಇರಲಿಲ್ಲ. ನಂಬಿಕೆ ಹೋಗಿದೆ ಅಂತ ಖಾತ್ರಿಯಾಗಿ ಹೇಳುವುದಕ್ಕೂ ನನಗೆ ಆಗುತ್ತಿಲ್ಲ. ಭಾನುವಾರ ಹಾಡುವಾಗ ಗಂಟಲು ಕಟ್ಟುತ್ತದೆ. ಮನೆಗೆ ಬಂದರೆ ಮತ್ತೆ ಅದೇ ಮೌನ. ಮಗು ಹೋದದ್ದಕ್ಕೆ ಸಿಟ್ಟು ಬರುತ್ತದೆ, ಯಾರ ಮೇಲೆ ಸಿಟ್ಟು ಅಂತ ಕೇಳಿದರೆ ಅಲ್ಲಿಗೇ ನಿಲ್ಲುತ್ತೇನೆ.

ಚಿಂಚವಾಡ_ಮೇಷ್ಟ್ರು
ಇಲ್ಲದವನ ಮೇಲೆ ಅಷ್ಟು ಸಿಟ್ಟು ಬರುವುದಿಲ್ಲಮ್ಮಾ. ಬೈಬಲಿನ ಕೀರ್ತನೆ 22 ಓದಿ, ಸಮಾಧಾನದ ವಚನಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. "ನನ್ನ ದೇವರೇ, ಯಾಕೆ ಕೈಬಿಟ್ಟೆ" ಅಂತ ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದರದ್ದೇ ಮೊದಲ ಸಾಲು.

ನೈಟ್_ಡ್ಯೂಟಿ_ಸಿಸ್ಟರ್
ನಾನು ನರ್ಸ್. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ, ಯಾವ ಆಸ್ಪತ್ರೆ ಅಂತ ಬೇಡ. ಇಲ್ಲಿ ಎಲ್ಲರೂ ಅಕ್ಕನ ನಂಬಿಕೆಯ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ತಲೆಬಿಸಿ ಆಗಿರುವುದು ಹಿರಿಯರ ಆ ಒಂದು ವಾಕ್ಯ. "ದೇವರು ಗುಣ ಮಾಡುತ್ತಾನೆ ಅಂತ ಹೇಳಬೇಕು." ಯಾಕೆ ಹೇಳಬೇಕು?

ನಮ್ಮಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ. ರಕ್ತದ ಕ್ಯಾನ್ಸರ್. ಔಷಧಿಗೆ ಚೆನ್ನಾಗಿ ಒಗ್ಗುತ್ತಿದ್ದ. ಎಲ್ಲೋ ಸ್ವಸ್ಥತಾ ಕೂಟಕ್ಕೆ ಕರೆದುಕೊಂಡು ಹೋದರು. ವೇದಿಕೆ ಹತ್ತಿಸಿ "ಗುಣವಾಯಿತು" ಅಂತ ಸಾಕ್ಷಿ ಹೇಳಿಸಿದರು. ಮುಂದಿನ ಕೀಮೋಗೆ ಬರಲಿಲ್ಲ. ಮನೆಯವರು ಫೋನ್ ಎತ್ತಲಿಲ್ಲ. ಕೊನೆಗೆ ಬಂದಾಗ ತಡವಾಗಿತ್ತು. ಹೋಗುವ ಮುಂಚೆ ಅವನು ನನ್ನನ್ನು ಕೇಳಿದ್ದು, "ಸಿಸ್ಟರ್, ನನ್ನ ನಂಬಿಕೆ ಸಾಲದಾಯಿತಾ?" ಅಂತ. ಸಾಯುತ್ತಿರುವ ಹುಡುಗನ ತಲೆಯ ಮೇಲೆ ಆ ತಪ್ಪನ್ನೂ ಹೊರಿಸಿದ್ದರು.

ನಾನೂ ವಿಶ್ವಾಸಿಯೇ. ಡ್ಯೂಟಿಗೆ ಹೋಗುವ ಮುಂಚೆ ಪ್ರಾರ್ಥಿಸುತ್ತೇನೆ. ಆದರೆ ರೋಗಿಯ ಮುಂದೆ ಗ್ಯಾರಂಟಿ ಕೊಡುವುದಿಲ್ಲ. ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ ಅಪರಾಧ. ಮಂತ್ರ, ತಾಯಿತ ಕೂಡ ಅದರಲ್ಲಿ ಸೇರಿದೆ. ಕಾನೂನು ಆಚೆಗಿರಲಿ. ಸುಳ್ಳು ಧೈರ್ಯ ಹೇಳಲಾರೆ ಅಂತ ಸುಮ್ಮನಾಗುವ ಅಕ್ಕನೇ ನಮಗೆ ವಾರ್ಡಿನಲ್ಲಿ ಬೇಕು.

ಬೆಳಗಿನ_ಸ್ತೋತ್ರ
ಔಷಧಿ ಬಿಡಿಸುವವರನ್ನು ನಾನೂ ಒಪ್ಪುವುದಿಲ್ಲ ಸಿಸ್ಟರ್. ಸುವಾರ್ತೆ ಬರೆದ ಲೂಕನೇ ವೈದ್ಯ. ಆದರೆ ಪ್ರಾರ್ಥನೆಯಿಂದ ಗುಣವಾದವರನ್ನು ನನ್ನ ಮನೆಯಲ್ಲೇ ನೋಡಿದ್ದೇನೆ. ಅದನ್ನು ಹೇಳದೆ ಇರಲು ಆಗುವುದಿಲ್ಲ.

ನೈಟ್_ಡ್ಯೂಟಿ_ಸಿಸ್ಟರ್
ನಿಮ್ಮ ಮನೆಯ ಕಥೆ ಹೇಳಿ, ಬೇಡ ಅನ್ನುವುದಿಲ್ಲ. ರೋಗಿಯ ಮನೆಯವರಿಗೆ ಗುಣವಾಗುತ್ತದೆ ಅಂತ ಮಾತು ಕೊಡಬೇಡಿ.

ಲಾಲ್‌ಬಾಗ್_ಗೌಡ
ನಾನು ಕ್ರೈಸ್ತ ಅಲ್ಲ. ಆದರೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ.

ನನ್ನ ಹೆಂಡತಿಗೆ ಪರೇಲ್‌ನಲ್ಲೇ ಚಿಕಿತ್ಸೆ ಆಯಿತು. ಎಷ್ಟೋ ಸಂಸ್ಥೆಗಳವರು ಊಟ ತಂದುಕೊಟ್ಟರು. ಜೈನರು, ಸಿಖ್ಖರು, ಮುಸ್ಲಿಮರು, ಕ್ರೈಸ್ತರು. ಋಣ ಇದೆ, ತೀರುವುದಿಲ್ಲ. ಅವರಲ್ಲಿ ಒಂದು ಗುಂಪಿನವರು (ಯಾವ ಧರ್ಮದವರು ಅಂತ ಬೇಡ) ತಟ್ಟೆ ಕೈಗೆ ಕೊಟ್ಟು, ತಲೆ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಶುರು ಮಾಡಿಬಿಡುತ್ತಿದ್ದರು. ಅನ್ನ ತಟ್ಟೆಯಲ್ಲಿ ಆರುತ್ತಿತ್ತು. ಬೇಡ ಅನ್ನುವುದು ಹೇಗೆ? ನಾಳೆಯೂ ಊಟ ಬೇಕಲ್ಲ. ನನ್ನ ಹೆಂಡತಿ ಸುಮ್ಮನೆ ತಲೆ ತಗ್ಗಿಸುತ್ತಿದ್ದಳು. ಅವರು ಅದನ್ನು ಭಕ್ತಿ ಅಂದುಕೊಂಡರು.

ಮೊದಲು ಕೇಳಿ. "ನಿಮಗಾಗಿ ಪ್ರಾರ್ಥಿಸಲಾ?" ಬೇಡ ಅಂದರೆ ಮುಖ ಸಣ್ಣ ಮಾಡಬೇಡಿ. ಸಾಂಬಾರು ಇನ್ನೊಂದು ಸೌಟು ಹಾಕಿ. ಅಷ್ಟೇ.

ಡೊಂಬಿವಲಿ_ಲೋಕಲ್
ಗೌಡ್ರೇ, ಮನೆಯವರು ಈಗ ಹೇಗಿದ್ದಾರೆ?

ಲಾಲ್‌ಬಾಗ್_ಗೌಡ
ಚೆನ್ನಾಗಿದ್ದಾರೆ. ಫಾಲೋ-ಅಪ್‌ಗೆ ವರ್ಷಕ್ಕೊಮ್ಮೆ ಹೋಗುತ್ತೇವೆ. ನನ್ನ ಮೇಲೆ ಕೂಗಾಡುವಷ್ಟು ಶಕ್ತಿ ಬಂದಿದೆ.

ಸೇಡಂ_ಸೊಸೆ
ಅಕ್ಕಾರೆ, ವಿಷಯ ಬೇರೆ ಕಡೆ ಹೋಗುತ್ತದೆ, ಆದರೂ ಕೇಳುತ್ತೇನೆ. ಗಂಜಿ ಅಂದರೆ ಅಕ್ಕಿ ಗಂಜಿಯಾ? ನಮ್ಮ ಕಡೆ ಜನಕ್ಕೆ ಅದು ಒಗ್ಗುವುದಿಲ್ಲ. "ಜ್ವರ ಬಂದೋರಿಗೆ ಕೊಡೋದು" ಅಂತಾರೆ. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಕೊಟ್ಟು ನೋಡಿ, ಉದ್ಯಾನ್ ಎಕ್ಸ್‌ಪ್ರೆಸ್ ಇಳಿದವರೆಲ್ಲ ನಿಮ್ಮ ಹಿಂದೆಯೇ ಬರುತ್ತಾರೆ.

ಮಾಹಿಮ್_ಬೊಡ್ಡಾ
ಕುಚ್ಚಲಕ್ಕಿ ಗಂಜಿಗೆ ಅವಮಾನ ಮಾಡಬೇಡಿ. ಉಪ್ಪಿನಕಾಯಿ ಜೊತೆ ತಿಂದು ನೋಡಿ, ಆಮೇಲೆ ಮಾತಾಡುವಾ.

ನೈಟ್_ಡ್ಯೂಟಿ_ಸಿಸ್ಟರ್
ಬಾಯಿ ಹುಣ್ಣಾದವರಿಗೆ ಉಪ್ಪಿನಕಾಯಿ! ದಯವಿಟ್ಟು ಬೇಡ. ಖಾರ, ಹುಳಿ ಎರಡೂ ಬೇಡ. ನುಚ್ಚು ಆಗಬಹುದು, ಚೆನ್ನಾಗಿ ಬೆಂದಿರಬೇಕು. ಬಿಳಿ ರಕ್ತಕಣ ಇಳಿದಿರುವವರಿಗೆ ಹಸಿ ತರಕಾರಿ, ಹೊರಗಿನ ಮಜ್ಜಿಗೆ ಕೊಡಬೇಡಿ. ಆಸ್ಪತ್ರೆಯ ಆಹಾರ ತಜ್ಞರು ಏನು ಹೇಳಿದ್ದಾರೆ ಅಂತ ಮನೆಯವರನ್ನು ಮೊದಲು ಕೇಳಿ.

ಸಾಯನ್_ಅಕ್ಕ
ನುಚ್ಚು ಹೊಳೆದೇ ಇರಲಿಲ್ಲ. ನಮ್ಮ ಅತ್ತೆ ಚೆನ್ನಾಗಿ ಮಾಡುತ್ತಾರೆ.

ವಾಸ್ಕೋ_ಬಸವ
ಗೋವಾದಿಂದ. ಅಪ್ಪ ಗದಗ ಕಡೆಯಿಂದ ಬಂದರಿನ ಕೂಲಿಗೆ ಬಂದವರು. ನಾನು ಹುಟ್ಟಿದ್ದೇ ವಾಸ್ಕೋದಲ್ಲಿ. ಇಲ್ಲಿ ನಮ್ಮನ್ನು ಏನಂತ ಕರೆಯುತ್ತಾರೆ ಅಂತ ಗೋವಾ ಕನ್ನಡಿಗರಿಗೆ ಹೇಳಬೇಕಾಗಿಲ್ಲ. "ಘಾಟಿ." ಘಟ್ಟದ ಆಚೆಯಿಂದ ಬಂದವರು ಅಂತ ಹೀಯಾಳಿಕೆ.

ಮನೆ ಹುಡುಕುವಾಗ ಒಬ್ಬ ಹೆಂಗಸು, ಮನೆ ಮುಂದೆ ಶಿಲುಬೆ, ಸಂಜೆಯಾದರೆ ರೋಜರಿ ಜಪಮಾಲೆ, ನನ್ನ ಹೆಸರು ಕೇಳಿದ ಕೂಡಲೇ ರೂಮ್ ಖಾಲಿ ಇಲ್ಲ ಅಂದರು. ಬೋರ್ಡು ಇನ್ನೂ ನೇತಾಡುತ್ತಿತ್ತು. ಕೊನೆಗೆ ಮನೆ ಕೊಟ್ಟದ್ದು ಒಬ್ಬ ಮುದುಕ. ಹಡಗಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಇಗರ್ಜಿಗೆ ಮದುವೆ, ಸಾವು ಬಿಟ್ಟರೆ ಕಾಲಿಡುವುದಿಲ್ಲ. ಅಪ್ಪನಿಗೆ ರಾತ್ರಿ ಎದೆ ನೋವು ಬಂದಾಗ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಿ, ಬೆಳಗಿನ ತನಕ ಬೆಂಚಿನ ಮೇಲೆ ಕೂತಿದ್ದರು. ನನಗೆ ಕ್ರೈಸ್ತ ಧರ್ಮ ಅಷ್ಟಾಗಿ ಗೊತ್ತಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಪರಜಾತಿಯವನು, ಆ ಸಮಾರ್ಯದವನ ಕಥೆ ಮಾತ್ರ ಶಾಲೆಯಲ್ಲಿ ಕೇಳಿದ್ದೆ.

ಪಣಜಿ_ಪಾವ್
ಬಸವಣ್ಣಾ, ಹೀಗೂ ಉಲ್ಟಾ ನೋಡಿದ್ದೇನೆ. ರೋಜರಿ ಹೇಳುವ ಎಷ್ಟೋ ಅಜ್ಜಿಯರು ನಮ್ಮ ಕೂಲಿ ಹೆಂಗಸರ ಬಾಣಂತನ ಮಾಡಿದ್ದಾರೆ. ಇಗರ್ಜಿಗೆ ಹೋಗದವರೆಲ್ಲ ಒಳ್ಳೆಯವರು, ಹೋಗುವವರೆಲ್ಲ ಡೋಂಗಿ ಅಂತ ಮಾಡಬೇಡಿ. ಅದೂ ಸಿನಿಮಾ ಕಥೆಯೇ.

ವಾಸ್ಕೋ_ಬಸವ
ಹಾಗಂತ ನಾನು ಹೇಳಲೇ ಇಲ್ಲ. ನನಗೆ ಆದದ್ದು ಹೇಳಿದೆ.

ಬೆಳಗಿನ_ಸ್ತೋತ್ರ
ಆ ಮುದುಕರು ಒಳ್ಳೆಯವರು, ಸರಿ. ಸಭೆ ಅವರನ್ನು ಕಳಿಸಿರಲಿಲ್ಲ. ನಾನು ಕೇಳುತ್ತಿರುವುದು ಸಭೆಯ ಹೆಸರಿನ ಬಗ್ಗೆ. ಯಾರೂ ಅದಕ್ಕೆ ಉತ್ತರ ಕೊಡುತ್ತಿಲ್ಲ.

ಕೇಡಗಾಂವ್_ದಾರಿ
ಉತ್ತರ ನಾನು ಕೊಡುತ್ತೇನೆ. ಪುಣೆಯವರು ಇಷ್ಟು ಜನ ಇದ್ದೂ ವಿಧವೆಯರಿಗಾಗಿ ದುಡಿದ ಪಂಡಿತಾ ರಮಾಬಾಯಿ ಹೆಸರು ಯಾರೂ ಎತ್ತಲಿಲ್ಲ ಅನ್ನುವುದೇ ಆಶ್ಚರ್ಯ. ಮರಾಠಿಯವರು ಅಂತ ನಾವು ಬಿಟ್ಟುಕೊಟ್ಟಿದ್ದೇವೆ. ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡವರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಆಮೇಲೆ ತೆಪ್ಪಗೆ ಕೂತರಾ? ಇಲ್ಲ. ಅಲ್ಲಿನ ಆಂಗ್ಲಿಕನ್ ಸನ್ಯಾಸಿನಿಯರ ಜೊತೆ ತ್ರಯೈಕ್ಯದ (ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಅನ್ನುವುದು) ಬಗ್ಗೆ, ಚರ್ಚಿನ ಅಧಿಕಾರದ ಬಗ್ಗೆ ಪತ್ರದ ಮೇಲೆ ಪತ್ರ ಬರೆದು ಜಗಳವಾಡಿದರು. ನನ್ನ ಮನಸ್ಸಾಕ್ಷಿಯನ್ನು ಪುರೋಹಿತರ ಕೈಯಿಂದ ಬಿಡಿಸಿಕೊಂಡು ಬಂದವಳು, ಇನ್ನೊಬ್ಬರ ಕೈಗೆ ಕೊಡುವುದಿಲ್ಲ ಅನ್ನುವ ಧಾಟಿ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮಾರನೇ ವರ್ಷ ಅದು ಪುಣೆಗೆ ಬಂತು.

ಅವರೇ ಆಮೇಲೆ ಬರೆದುಕೊಂಡಿದ್ದಾರೆ, ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮೇಲೆ ತಿಳಿಯಿತಂತೆ, ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅಂತ. ಲೆಕ್ಕ ಹಾಕಿ. 1891. ಅಂದರೆ ಸದನ ತೆರೆದಾಗ, ತಲೆ ಬೋಳಿಸಿದ ಹುಡುಗಿಯರಿಗೆ ಅನ್ನ ಹಾಕಿ ಅಕ್ಷರ ಕಲಿಸುತ್ತಿದ್ದಾಗ, ಅವರದೇ ಮಾತಿನ ಪ್ರಕಾರ ಅವರಿಗೆ ಕ್ರಿಸ್ತ ಸಿಕ್ಕಿರಲಿಲ್ಲ. ಸಿಗುವ ತನಕ ಕಾದಿದ್ದರೆ ಆ ಹುಡುಗಿಯರ ಗತಿ ಏನು? ಅವರಲ್ಲಿ ಒಬ್ಬರು ಗೋದುಬಾಯಿ. ಮುಂದೆ 1893ರಲ್ಲಿ, ಮಹಿಳಾ ಶಿಕ್ಷಣಕ್ಕೆ ದುಡಿದ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು.

ಬೆಳಗಿನ_ಸ್ತೋತ್ರ
ನೀವು ಅರ್ಧ ಕಥೆ ಹೇಳಿದಿರಿ. ಕೊನೆಗೆ ಸಿಕ್ಕಿತಲ್ಲ? 1905ರಲ್ಲಿ ಕೇಡಗಾಂವ್‌ನ ಅವರ ಮುಕ್ತಿ ಮಿಷನ್ನಿನಲ್ಲಿ ಎಂಥ ಆತ್ಮಿಕ ಉಜ್ಜೀವನ ಆಯಿತು ಅಂತ ಲೋಕಕ್ಕೇ ಗೊತ್ತು. ಸಂದೇಹವನ್ನು ಹೊತ್ತುಕೊಂಡೇ ಓಡಾಡಿದ್ದರೆ ಅದು ಆಗುತ್ತಿತ್ತಾ?

ಕೇಡಗಾಂವ್_ದಾರಿ
ಸಿಕ್ಕಿತು, ನಿಜ. ಕೆಲಸ ಮಾಡುತ್ತಾ ಮಾಡುತ್ತಾ ಸಿಕ್ಕಿತು. ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ್ದರಿಂದ ಅಲ್ಲ. ನಾನು ಹೇಳಿದ್ದು ಅಷ್ಟೇ.

ಲಾಲ್‌ಬಾಗ್_ಗೌಡ
ಇದೇ ಕಥೆಯ ಇನ್ನೊಂದು ತುದಿ ನಾನು ಹೇಳುತ್ತೇನೆ. ಶಾರದಾ ಸದನದ ಸಲಹಾ ಸಮಿತಿಯಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿಂದೂ ಸುಧಾರಕರಿದ್ದರು. 1893ರಲ್ಲಿ ಹೊರಬಂದರು. ಕಾರಣ ಅದೇ, ರಮಾಬಾಯಿಯವರ ಪ್ರಾರ್ಥನೆಗೆ ಹುಡುಗಿಯರೂ ಬಂದು ಕೂರುತ್ತಿದ್ದಾರೆ ಅಂತ. ಎಷ್ಟೋ ಮನೆಯವರು ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಊಟದ ಪಕ್ಕ ಪ್ರಾರ್ಥನೆ ಇಟ್ಟರೆ ಜಗಳ ಬರುವುದು ಇಂದು ನಿನ್ನೆಯದಲ್ಲ.

ಕೇಡಗಾಂವ್_ದಾರಿ
ಅವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದರು, ಬಾಗಿಲು ತೆರೆದಿಡುತ್ತಿದ್ದರು. ಬನ್ನಿ ಅಂತಲೂ ಇಲ್ಲ, ಬರಬೇಡಿ ಅಂತಲೂ ಇಲ್ಲ. ಇದು ಒತ್ತಾಯವಾ?

ಲಾಲ್‌ಬಾಗ್_ಗೌಡ
ಮನೆ ಅವರದು, ಅನ್ನ ಅವರದು, ಹುಡುಗಿಗೆ ಹೋಗಲು ಬೇರೆ ಜಾಗ ಇಲ್ಲ. ತೆರೆದ ಬಾಗಿಲೂ ಕರೆದ ಹಾಗೇ ಕಾಣುತ್ತದೆ ಸ್ವಾಮಿ. ಅವರ ಮನಸ್ಸು ಕೆಟ್ಟದ್ದು ಅಂತ ಹೇಳುತ್ತಿಲ್ಲ. ತಟ್ಟೆ ಹಿಡಿದವನ ಕಡೆಯಿಂದ ನೋಡಿ ಅಂತ ಮಾತ್ರ.

ಚಿಂಚವಾಡ_ಮೇಷ್ಟ್ರು
ಗೌಡರ ಮಾತು ನನಗೆ ತಾಗಿತು. ಮತ್ತಾಯ 25ರಲ್ಲಿ "ಹಸಿದಿದ್ದೆ, ಊಟ ಕೊಟ್ಟಿರಿ" ಅನ್ನುವ ಕಡೆ ಯೇಸು ನಿಂತಿರುವುದು ತಟ್ಟೆ ಹಿಡಿದವನ ಜಾಗದಲ್ಲಿ, ಬಡಿಸುವವನ ಜಾಗದಲ್ಲಲ್ಲ. ಬಡಿಸಿದವರಿಗೆ ಅವನು ಯಾರು ಅಂತ ಗೊತ್ತೂ ಇರಲಿಲ್ಲ. "ನಿನ್ನನ್ನು ಯಾವಾಗ ನೋಡಿದೆವು?" ಅಂತ ಕೇಳುತ್ತಾರೆ.

ವಿಚಾರವಾದಿ_ಠಾಣೆ
ಈ ವಚನ ನನಗೂ ಇಷ್ಟ. ಎಲ್ಲ ವಚನಕ್ಕೂ ಅಲ್ಲ, ಇದೊಂದಕ್ಕೆ ಲೈಕ್.

ಸಾಯನ್_ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹಿರಿಯರ ಮನೆಗೆ ಹೋಗಿದ್ದೆ. ಮೇಷ್ಟ್ರು ಹೇಳಿದ 17ನೇ ವಚನ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದರ ಮೇಲೆ ನಾನು ಪ್ರಸಂಗ ಕೇಳಿಯೇ ಇಲ್ಲ" ಅಂದರು. ಸೋತೆ ಅಂತ ಹೇಳಲಿಲ್ಲ, ಹೇಳುವ ಜಾತಿಯವರೂ ಅಲ್ಲ.

ಕೊನೆಗೆ ಒಂದು ಒಪ್ಪಂದ ಆಯಿತು. ಊಟ, ಆಸ್ಪತ್ರೆ ಓಡಾಟ, ಮಾತು ತಿಳಿಸಿ ಹೇಳುವುದು ನನ್ನ ಕೈಯಲ್ಲೇ ಇರುತ್ತದೆ. ಪ್ರಾರ್ಥನೆ ಬೇಕು ಅಂತ ಕೇಳಿದವರ ಹತ್ತಿರ ಅವರು ಹೋಗುತ್ತಾರೆ, ಊಟ ಆದ ಮೇಲೆ. ಕೇಳದವರ ಹತ್ತಿರ ಇಲ್ಲ. ಗುಣವಾಗುತ್ತದೆ ಅನ್ನುವ ಮಾತು ಯಾರೂ ಆಡಬಾರದು ಅಂತ ಸಿಸ್ಟರ್ ಬರೆದದ್ದನ್ನೂ ಓದಿ ಹೇಳಿದೆ. ಅದಕ್ಕೆ ಇನ್ನೂ ಒಪ್ಪಿಲ್ಲ, ಸಭಾಪಾಲಕರನ್ನು ಕೇಳಬೇಕು ಅಂದಿದ್ದಾರೆ. ನನ್ನ ಪ್ರಾರ್ಥನೆ ಮಾತ್ರ ಹಾಗೇ ಇದೆ, ಏನೂ ಬದಲಾಗಿಲ್ಲ.

ಬೆಳಗಿನ_ಸ್ತೋತ್ರ
ಒಪ್ಪಂದದಲ್ಲಿ ನನಗೆ ಅರ್ಧ ಒಪ್ಪಿಗೆ. ನಿಮ್ಮ ಹೆಸರು ಹೇಳದೆ ಪ್ರಾರ್ಥಿಸುತ್ತಿದ್ದೇನೆ ಸಹೋದರಿ. ಬೇಡ ಅಂದರೂ.

ಲಾಲ್‌ಬಾಗ್_ಗೌಡ
ನೋಡಿ, ಕೇಳದೆ ಶುರು ಮಾಡಿಬಿಟ್ಟರು!

ಸಾಯನ್_ಅಕ್ಕ
ಇರಲಿ ಬಿಡಿ ಗೌಡ್ರೇ, ಇದಕ್ಕೆ ನಾನು ಬೇಡ ಅನ್ನುವುದಿಲ್ಲ.

ಡೊಂಬಿವಲಿ_ಲೋಕಲ್
ಎಲ್ಲ ಸರಿ, ಊಟ ಆದ ಮೇಲೆ ದೊಡ್ಡ ಪಾತ್ರೆ ತಿಕ್ಕಲು ಹಿರಿಯರು ಬರುತ್ತಾರಾ? ಅದು ಒಪ್ಪಂದದಲ್ಲಿ ಇದೆಯಾ?